ಇರುವ ದಾಖಲೆಯನ್ನೇ ಮತ್ತೆ ಕೇಳುವ ಕಚೇರಿಗಳು

ಜೂನ್-ಜುಲೈ ಎಂದರೆ ಮಲೆನಾಡಿಗೆ ಮಳೆಗಾಲವಷ್ಟೇ ಅಲ್ಲ, ಜೆರಾಕ್ಸ್ ಕಾಲವೂ ಹೌದು. ಮಕ್ಕಳ ಕಾಲೇಜು ಪ್ರವೇಶ, ವಿದ್ಯಾರ್ಥಿನಿಲಯದ ಅರ್ಜಿ, ವಿದ್ಯಾರ್ಥಿವೇತನ, ಸಹಕಾರಿ ಸಂಘದ ಬೆಳೆಸಾಲದ ಕಾಗದಪತ್ರ, ಅಡಿಕೆ-ಕಾಳುಮೆಣಸಿನ ಹವಾಮಾನ ಆಧಾರಿತ ವಿಮೆ, ತೋಟಗಾರಿಕೆ ಇಲಾಖೆಯ ಸಹಾಯಧನ ಇವೆಲ್ಲ ಒಂದರ ಹಿಂದೊಂದು ಬಂದು ಕೂಡುವುದು ಈ ದಿನಗಳಲ್ಲಿಯೇ. ಅಡಿಕೆ ತೋಟಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಹಂಗಾಮೂ ಇದೇ. ಮುಂಗಾರು ಕಾಲಿಡುವ ಮುನ್ನ ಒಂದು ಸಲ, ನಲವತ್ತು-ನಲವತ್ತೈದು ದಿನಗಳ ತರುವಾಯ ಇನ್ನೊಂದು ಸಲ ಸಿಂಪಡಿಸದಿದ್ದರೆ ಕೊಳೆರೋಗ ಕೊನೆಗೆ ಇಳಿಯುವುದು ತಪ್ಪದು. ಆ ಎರಡನೆಯ ಸಿಂಪಡಣೆಗೆ ಸಿಗುವುದು ಒಂದೆರಡು ದಿನದ ಹೊಳವು ಮಾತ್ರ. ಆ ಹೊಳವಿನ ದಿನವೇ ರೈತನೊಬ್ಬ ಆಧಾರ್, ಪಹಣಿ, ಪಾಸ್‌ಬುಕ್ಕುಗಳನ್ನು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿಕೊಂಡು ತಾಲ್ಲೂಕು ಕೇಂದ್ರದ ಬಸ್ಸು ಹತ್ತಬೇಕಾಗಿ ಬಂದರೆ, ಆ ಕಾಗದದ ಬೆಲೆಯನ್ನು ಜೆರಾಕ್ಸ್ ಅಂಗಡಿಯ ದರಪಟ್ಟಿಯಿಂದ ಅಳೆಯಲಾಗದು.

ಗಣಿ, ಅಣೆಕಟ್ಟು, ಹೆದ್ದಾರಿಗಳ ನಡುವೆ ಕಚೇರಿಯ ಕಾಗದವೆಂಬುದು ಸಣ್ಣ ವಿಷಯವೆಂದು ಕೆಲವು ಓದುಗರಿಗೆ ತೋರಬಹುದು. ಆದರೆ ಕಾಗದಕ್ಕೂ ನಮ್ಮ ಬೆಟ್ಟಗುಡ್ಡಗಳಿಗೂ ಇರುವ ನಂಟು ಹಳೆಯದು, ಅದು ಸುಖಕರವಾದದ್ದೂ ಅಲ್ಲ. ಭದ್ರಾವತಿಯಲ್ಲಿ ಮೈಸೂರು ಸಂಸ್ಥಾನದ ಆಳ್ವಿಕೆಯಲ್ಲಿ, 1930ರ ದಶಕದಲ್ಲಿ, ಮೈಸೂರು ಕಾಗದ ಕಾರ್ಖಾನೆ ಹುಟ್ಟಿತು. 1950ರ ದಶಕದಲ್ಲಿ ದಾಂಡೇಲಿಯಲ್ಲಿ ವೆಸ್ಟ್ ಕೋಸ್ಟ್ ಕಾಗದ ಕಾರ್ಖಾನೆ ಆರಂಭವಾಯಿತು. ಉತ್ತರ ಕನ್ನಡದ ಬಿದಿರನ್ನು ದಾಂಡೇಲಿಯ ಕಾರ್ಖಾನೆಗೆ 1958ರಲ್ಲಿ ಕೊಟ್ಟ ದರ ಟನ್ನಿಗೆ ಒಂದೂವರೆ ರೂಪಾಯಿ. ಅದೇ ಬಿದಿರಿನಿಂದ ಬುಟ್ಟಿ, ಮೊರ, ತಟ್ಟಿ ಹೆಣೆದು ಬದುಕುತ್ತಿದ್ದ ಮೇದಾರರು ಮಾರುಕಟ್ಟೆಯಲ್ಲಿ ಅದರ ಅನೇಕ ಪಟ್ಟು ಬೆಲೆ ತೆರಬೇಕಾಗಿತ್ತು.

1970ರ ದಶಕದ ಮಧ್ಯದಲ್ಲಿ ಮಾಧವ ಗಾಡ್ಗೀಳ ಮತ್ತು ಅವರ ಸಂಗಡಿಗರು ರಾಜ್ಯದ ಬಿದಿರಿನ ಸ್ಥಿತಿಯನ್ನು ಅಧ್ಯಯನ ಮಾಡಲು ಕಾಡಿಗೆ ಇಳಿದಾಗ ಕಂಡುಕೊಂಡ ಒಂದು ಸಂಗತಿಯನ್ನು ವಿದ್ಯಾರ್ಥಿಗಳು ಅವಶ್ಯವಾಗಿ ತಿಳಿದಿರಬೇಕು. ಬಿದಿರು ಮೆಳೆಯ ಬುಡದಲ್ಲಿ ಮುಳ್ಳುಕೊಂಬೆಗಳು ತಾವಾಗಿ ಹೆಣೆದುಕೊಂಡು ಬೇಲಿಯಂತೆ ನಿಲ್ಲುತ್ತವೆ. ಮೆಳೆ ‘ಸ್ವಚ್ಛ’ವಾಗಿದ್ದರೆ ಬಿದಿರು ಚೆನ್ನಾಗಿ ಬೆಳೆಯುತ್ತದೆಂಬುದು ಇಲಾಖೆಯ ಗ್ರಂಥಸ್ಥ ನಿಯಮ. ಅದರಂತೆ ಮುಳ್ಳನ್ನು ಕಡಿದು ತೆಗೆಸಲಾಗುತ್ತಿತ್ತು. ಆದರೆ ಆ ಮುಳ್ಳೇ ಎಳೆಯ ಕಳಲೆಯನ್ನು ದನಕರು ಮತ್ತು ಕಾಡುಪ್ರಾಣಿಗಳಿಂದ ಕಾಯುವ ರಕ್ಷೆಯಾಗಿತ್ತು. ಮುಳ್ಳು ತೆಗೆದಲ್ಲಿ ಕಳಲೆ ತಿಂದುಹೋಯಿತು, ಮೆಳೆ ಬಡಕಲಾಯಿತು. ಹಳ್ಳಿಯವರು ಇದನ್ನು ಮೊದಲೇ ಬಲ್ಲವರಾಗಿದ್ದರು, ಅವರನ್ನು ಕೇಳಿದವರಿರಲಿಲ್ಲ. ಮೇಜಿನ ಮೇಲೆ ಬರೆದ ನಿಯಮವೊಂದು ಸ್ಥಳದಲ್ಲಿ ಏನು ಮಾಡುತ್ತಿದೆಯೆಂದು ಯಾರೂ ಹೋಗಿ ನೋಡದಿದ್ದರೆ ಹೀಗಾಗುತ್ತದೆ. ಈ ಮಾತು ಮುಂದೆ ಮತ್ತೆ ಉಪಯೋಗಕ್ಕೆ ಬರಲಿದೆ.

ಬಿದಿರಿನ ತರುವಾಯ ನೀಲಗಿರಿ ಬಂತು, ಅಕೇಶಿಯಾ ಬಂತು. ಭದ್ರಾವತಿಯ ಕಾರ್ಖಾನೆಗೆ 1980ರಲ್ಲಿ ಇಪ್ಪತ್ತು ಸಾವಿರ ಹೆಕ್ಟೇರಿಗೂ ಮಿಗಿಲಾದ ಅರಣ್ಯಭೂಮಿಯನ್ನು ನಲವತ್ತು ವರ್ಷಗಳ ಗುತ್ತಿಗೆಗೆ ಕೊಡಲಾಯಿತು. ಕಾರ್ಖಾನೆ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. ಗುತ್ತಿಗೆ 2020ರಲ್ಲಿ ಮುಗಿಯಿತು. ಕಾಗದ ತಯಾರಿಸದ ಕಾರ್ಖಾನೆಗೆ ಅದೇ ವರ್ಷ ಮತ್ತೆ ನಲವತ್ತು ವರ್ಷಕ್ಕೆ ಗುತ್ತಿಗೆ ನವೀಕರಿಸಲಾಯಿತು. ‘ನಮ್ಮೂರಿಗೆ ಅಕೇಶಿಯಾ ಬೇಡ’ ಎಂದು ಶಿವಮೊಗ್ಗದಲ್ಲಿ ಎದ್ದ ಹೋರಾಟವನ್ನು ಇಲ್ಲಿ ವಿವರಿಸುವ ಅಗತ್ಯವಿಲ್ಲ, ಅದರಲ್ಲಿ ಪಾಲ್ಗೊಂಡವರೇ ಈ ಪತ್ರಿಕೆಯನ್ನು ಓದುತ್ತಿರಬಹುದು.

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ‘ಒಂದು ಟನ್ ಕಾಗದ ಉಳಿಸಿದರೆ ಹದಿನೇಳು ಮರ ಉಳಿದಂತೆ’ ಎಂಬ ಘೋಷಣೆ ಶಾಲೆಯ ಗೋಡೆಗಳ ಮೇಲೆ ಕಾಣಸಿಗುತ್ತದೆ. ಮರವೆಂಬುದು ಅಳತೆಯ ಮಾನವಲ್ಲ. ಯಾವ ಮರ, ಎಷ್ಟು ವರ್ಷದ್ದು, ಎಲ್ಲಿ ಬೆಳೆದದ್ದು ಎಂದು ಹೇಳದ ಲೆಕ್ಕ ವಿಜ್ಞಾನವಾಗದು. ಇಂದು ನಮ್ಮ ಕಚೇರಿಗಳಲ್ಲಿ ಬಳಕೆಯಾಗುವ ಬಿಳಿ ಹಾಳೆಯ ಬಹುಪಾಲು ಬರುವುದು ಬಯಲುಸೀಮೆಯ ರೈತರ ಹೊಲಗಳಲ್ಲಿ ಬೆಳೆದ ಸುಬಾಬುಲ್, ನೀಲಗಿರಿ, ಗಾಳಿಮರಗಳಿಂದ, ಕಬ್ಬಿನ ಸಿಪ್ಪೆ ಹಾಗೂ ಹುಲ್ಲಿನಿಂದ, ಹಳೆಯ ಕಾಗದದ ಮರುಬಳಕೆಯಿಂದ. ಆದ್ದರಿಂದ ತಾಲ್ಲೂಕು ಕಚೇರಿಯಲ್ಲಿ ಉಳಿದ ಒಂದು ರೀಮು ಕಾಗದ ಆಗುಂಬೆಯ ಒಂದು ಮರವನ್ನು ಉಳಿಸೀತೆಂದು ಹೇಳುವುದು ಸತ್ಯವಲ್ಲ. ಸತ್ಯವಾದದ್ದು ಇಷ್ಟು: ಮರದಲ್ಲಿ ಸೆಲ್ಯುಲೋಸ್ ಅರ್ಧದ ಆಸುಪಾಸು ಮಾತ್ರ ಇರುವುದರಿಂದ ಒಂದು ಟನ್ ರಾಸಾಯನಿಕ ತಿರುಳಿಗೆ ಎರಡು ಟನ್ನಿಗೂ ಹೆಚ್ಚು ಒಣಮರ ಬೇಕು, ಹತ್ತಾರು ಸಾವಿರ ಲೀಟರ್ ನೀರು ಬೇಕು, ಆ ಮರ ಬೆಳೆಯಲು ನೆಲವೂ ಬೇಕು. ಬೇಡಿಕೆ ಇರುವಷ್ಟು ಕಾಲ ಎಲ್ಲೋ ಒಂದು ಕಡೆ ಯಾರದೋ ಗೋಮಾಳ, ಯಾರದೋ ಕಾನು ಏಕಜಾತಿಯ ನೆಡುತೋಪಾಗುವ ಒತ್ತಡ ಇದ್ದೇ ಇರುತ್ತದೆ.

ಈಗ ನಮ್ಮೂರಿನ ಲೆಕ್ಕಕ್ಕೆ ಬರೋಣ. ಎ-ನಾಲ್ಕು ಅಳತೆಯ ಹಾಳೆಯೆಂದರೆ ಒಂದು ಚದರ ಮೀಟರಿನ ಹದಿನಾರನೆಯ ಒಂದು ಭಾಗ. ಚದರ ಮೀಟರಿಗೆ 75 ಗ್ರಾಂ ತೂಗುವ ಸಾಮಾನ್ಯ ಜೆರಾಕ್ಸ್ ಕಾಗದದ ಒಂದು ಹಾಳೆ 4.7 ಗ್ರಾಂ ಬರುತ್ತದೆ. ಸಹಾಯಧನಕ್ಕೆಂದು ಒಬ್ಬ ರೈತ ಸಲ್ಲಿಸುವ ಕಟ್ಟಿನಲ್ಲಿ ಅರ್ಜಿ, ಪಹಣಿ, ಆಧಾರ್ ಪ್ರತಿ, ಪಡಿತರ ಚೀಟಿಯ ಪ್ರತಿ, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ, ಜಾತಿ-ಆದಾಯ ಪ್ರಮಾಣಪತ್ರದ ಪ್ರತಿ, ಒಂದು ಒಪ್ಪಿಗೆ ಪತ್ರ ಹೀಗೆ ಏಳು ಹಾಳೆಗಳು ಇರುತ್ತವೆಂದು ಇಟ್ಟುಕೊಳ್ಳಿ. ‘ಮೂರು ಸೆಟ್ ತನ್ನಿ’ ಎಂದರೆ ಇಪ್ಪತ್ತೊಂದು ಹಾಳೆ, ಅಂದರೆ ನೂರು ಗ್ರಾಂ. ಸಾವಿರ ಮಂದಿ ಅರ್ಜಿ ಹಾಕಿದರೆ ಒಂದು ಕ್ವಿಂಟಲ್. ಇದು ಒಂದು ಯೋಜನೆಯ, ಒಂದು ಕಚೇರಿಯ, ಒಂದು ವರ್ಷದ ಮಾತು. ರಾಜ್ಯದಲ್ಲಿ ಗ್ರಾಮ ಪಂಚಾಯಿತಿಗಳೇ ಆರು ಸಾವಿರದ ಸಮೀಪ ಇವೆ. ಅವುಗಳ ಮೇಲೆ ನಾಡಕಚೇರಿ, ತಾಲ್ಲೂಕು ಕಚೇರಿ, ರೈತ ಸಂಪರ್ಕ ಕೇಂದ್ರ, ಅರಣ್ಯ ವಲಯ ಕಚೇರಿಗಳಿವೆ. ಗುಣಾಕಾರವನ್ನು ಓದುಗರಿಗೇ ಬಿಡುತ್ತೇವೆ.

ಆದರೆ ತೂಕಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೆ ಇದೆ. ಆ ಏಳು ಹಾಳೆಗಳಲ್ಲಿ ಸರ್ಕಾರಕ್ಕೆ ಹೊಸದಾಗಿ ಏನನ್ನಾದರೂ ತಿಳಿಸುವ ಹಾಳೆಗಳು ಎಷ್ಟು? ಅರ್ಜಿ ಒಂದು, ಒಪ್ಪಿಗೆ ಪತ್ರ ಒಂದು. ಉಳಿದ ಐದರಲ್ಲಿ ಪಾಸ್‌ಬುಕ್ಕನ್ನು ಬಿಟ್ಟರೆ ಎಲ್ಲವೂ ಸರ್ಕಾರವೇ ಕೊಟ್ಟ, ಸರ್ಕಾರದ ಗಣಕದಲ್ಲಿಯೇ ಇರುವ ದಾಖಲೆಗಳು. 2002ರ ಹೊತ್ತಿಗೆ ಎಲ್ಲ ತಾಲ್ಲೂಕುಗಳನ್ನು ತಲುಪಿದ ‘ಭೂಮಿ’ ಯೋಜನೆ ಸುಮಾರು ಎರಡು ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿತು. ಸರ್ವೆ ನಂಬರು ಹೇಳಿದರೆ ಪಹಣಿ ತೆರೆಯ ಮೇಲೆ ಮೂಡುತ್ತದೆ. ನಾಡಕಚೇರಿಯಲ್ಲಿ ಕೊಡುವ ಜಾತಿ, ಆದಾಯ ಪ್ರಮಾಣಪತ್ರಗಳ ಮೇಲೆ ಒಂದು ಆರ್‌ಡಿ ಸಂಖ್ಯೆ ಇರುತ್ತದೆ. ಆ ಸಂಖ್ಯೆಯನ್ನು ಹಾಕಿ ಪ್ರಮಾಣಪತ್ರ ನಿಜವೋ ಸುಳ್ಳೋ ಎಂದು ಯಾರು ಬೇಕಾದರೂ ಪರಿಶೀಲಿಸಬಹುದು. ರೈತನಿಗೆ ‘ಫ್ರೂಟ್ಸ್’ ತಂತ್ರಾಂಶದಲ್ಲಿ ಎಫ್‌ಐಡಿ ಸಂಖ್ಯೆ ಕೊಟ್ಟಿರುವುದೇ ಜಮೀನು, ಬ್ಯಾಂಕ್ ಖಾತೆ, ಆಧಾರ್ ವಿವರಗಳನ್ನು ಒಮ್ಮೆ ನೋಂದಾಯಿಸಿದ ಮೇಲೆ ಇಲಾಖೆಗಳು ಮತ್ತೆ ಮತ್ತೆ ಕೇಳಬಾರದೆಂಬ ಉದ್ದೇಶದಿಂದ. ಆದರೂ ಎಫ್‌ಐಡಿ ಸಂಖ್ಯೆಯನ್ನು ಬರೆದುಕೊಂಡ ಬಳಿಕ ‘ಪಹಣಿಯೂ ಒಂದಿರಲಿ’ ಎನ್ನುತ್ತಾರೆ. ಅದೂ ಹಳೆಯದಾಗದು, ಈ ತಿಂಗಳದ್ದೇ ಆಗಬೇಕು. ಕಂದಾಯ ಇಲಾಖೆಯ ಗಣಕದಿಂದ ಶುಲ್ಕ ತೆತ್ತು ಪಡೆದ ಹಾಳೆಯನ್ನು ಅದೇ ಸರ್ಕಾರದ ಇನ್ನೊಂದು ಇಲಾಖೆಗೆ ಒಯ್ದು ಮುಟ್ಟಿಸುವ ಟಪಾಲಿನವನ ಕೆಲಸವನ್ನು ಪ್ರಜೆಯೇ ಮಾಡುತ್ತಿದ್ದಾನೆ.

ಇದರ ಹೊಣೆಯನ್ನು ಗುಮಾಸ್ತರ ಸೋಮಾರಿತನದ ಮೇಲೆ ಹಾಕಿ ಮುಗಿಸುವುದು ಸುಲಭ, ಆದರೆ ಅದು ನ್ಯಾಯವಲ್ಲ. ಬಹುತೇಕ ವಿಷಯ ನಿರ್ವಾಹಕರು ಕಾಗದದ ರಾಶಿಯ ನಡುವೆ ಉಸಿರು ಕಟ್ಟಿಕೊಂಡೇ ಕೆಲಸ ಮಾಡುವವರು. ಅವರು ಪ್ರತಿ ಕೇಳುವುದು ಮುಂದೊಂದು ದಿನ ಬರುವ ಲೆಕ್ಕಪರಿಶೋಧನೆಯ ಭಯದಿಂದ. ಕಡತದಲ್ಲಿ ಜೆರಾಕ್ಸ್ ಇದ್ದರೆ ‘ಅರ್ಜಿದಾರರು ಸಲ್ಲಿಸಿದ ದಾಖಲೆಯಂತೆ’ ಎಂದು ಬರೆದು ಪಾರಾಗಬಹುದು. ದಾಖಲೆ ತಪ್ಪಾಗಿದ್ದರೆ ತಪ್ಪು ಅರ್ಜಿದಾರರದ್ದು. ಅದರ ಬದಲು ತಾವೇ ತೆರೆಯ ಮೇಲೆ ನೋಡಿ ‘ಭೂಮಿ ತಂತ್ರಾಂಶದಲ್ಲಿ ಪರಿಶೀಲಿಸಿದ್ದೇನೆ’ ಎಂದು ದಿನಾಂಕ ಹಾಕಿ ಸಹಿ ಮಾಡಿದರೆ, ಪರಿಶೀಲನೆಯ ಹೊಣೆ ಸಹಿ ಮಾಡಿದವರದ್ದಾಗುತ್ತದೆ. ನಮ್ಮ ಕಚೇರಿಗಳಲ್ಲಿ ಕಾಗದ ಬೆಳೆಯುತ್ತಿರುವುದರ ಮೂಲ ಇಲ್ಲಿದೆ. ಜೆರಾಕ್ಸ್ ಪ್ರತಿ ಏನನ್ನೂ ಸಾಬೀತು ಮಾಡುವುದಿಲ್ಲ. ತಿದ್ದಿದ ಪಹಣಿಯ ಜೆರಾಕ್ಸ್ ಕೂಡ ತಿದ್ದದ ಪಹಣಿಯ ಜೆರಾಕ್ಸಿನಂತೆಯೇ ಕಾಣುತ್ತದೆ. ಅದು ಮಾಡುವ ಕೆಲಸ ಹೊಣೆಯನ್ನು ಮೇಜಿನ ಆ ಬದಿಯಿಂದ ಈ ಬದಿಗೆ ದಾಟಿಸುವುದು ಮಾತ್ರ.

ಹಿಂದೆ ಗೆಜೆಟೆಡ್ ಅಧಿಕಾರಿಯ ಮೊಹರಿಗಾಗಿ ವಿದ್ಯಾರ್ಥಿಗಳು ಬಾಗಿಲಿಂದ ಬಾಗಿಲಿಗೆ ಅಲೆಯುತ್ತಿದ್ದುದನ್ನು ನಮ್ಮ ವಯಸ್ಸಿನವರು ಬಲ್ಲರು. 2014ರಲ್ಲಿ ಕೇಂದ್ರ ಸರ್ಕಾರ ಸ್ವಯಂ ದೃಢೀಕರಣ ಸಾಕೆಂಬ ನೀತಿಯನ್ನು ಮುಂದೆ ತಂದಿತು. ಅದೊಂದು ದೊಡ್ಡ ಬಿಡುಗಡೆ, ನಿಜ. ಆದರೆ ಮೊಹರು ಹೋಯಿತೇ ಹೊರತು ಹಾಳೆ ಹೋಗಲಿಲ್ಲ. ನಾಲ್ಕು ಪ್ರತಿಗಳ ಮೇಲೆ ನಾಲ್ಕು ಸಲ ತಾನೇ ಸಹಿ ಹಾಕುವುದು ರೂಢಿಯಾಯಿತು. ಡಿಜಿಲಾಕರಿನಲ್ಲಿರುವ ದಾಖಲೆಗಳು ಮೂಲ ದಾಖಲೆಗಳಿಗೆ ಸಮಾನವೆಂದು 2017ರಲ್ಲಿಯೇ ನಿಯಮವಾಗಿದೆ. ಮೊಬೈಲಿನಲ್ಲಿ ತೋರಿಸಿದರೆ, ‘ಅದನ್ನೇ ಪ್ರಿಂಟ್ ತೆಗೆಸಿಕೊಂಡು ಬನ್ನಿ’ ಎಂಬ ಉತ್ತರ ಸಿಗುವುದುಂಟು!

ಗಣಕ ಬಂದರೆ ಕಾಗದ ತಾನಾಗಿ ಕಡಿಮೆಯಾಗುತ್ತದೆಂಬ ನಂಬಿಕೆ ಹುಸಿಯಾದದ್ದು ಹೀಗೆ. ಪಹಣಿ ಕೈಬರಹದಲ್ಲಿದ್ದಾಗ ಪ್ರತಿಯೊಂದನ್ನೂ ಗ್ರಾಮಲೆಕ್ಕಿಗರು ಬರೆದು ಕೊಡಬೇಕಾಗಿತ್ತು. ಅದರಲ್ಲಿ ಲಂಚ, ವಿಳಂಬಗಳಿದ್ದವು. ಆದರೆ ಬರೆಯುವುದು ಕಷ್ಟವಾದ್ದರಿಂದ ಕೇಳುವವರೂ ಯೋಚಿಸಿ ಕೇಳುತ್ತಿದ್ದರು. ಮುದ್ರಣ ಸುಲಭವಾದ ಮೇಲೆ ಕೇಳುವುದೂ ಸುಲಭವಾಯಿತು. ಈಗ ಆನ್‌ಲೈನ್ ಅರ್ಜಿಗೆ ದಾಖಲೆಗಳನ್ನು ಸ್ಕ್ಯಾನ್ ಮಾಡಿ ಏರಿಸಬೇಕು. ಆ ಬಳಿಕ ಅರ್ಜಿಯನ್ನು ಮುದ್ರಿಸಿ, ಅದೇ ದಾಖಲೆಗಳನ್ನು ಲಗತ್ತಿಸಿ ಕಚೇರಿಗೂ ಕೊಡಬೇಕು. ಎರಡು ವ್ಯವಸ್ಥೆಗಳ ಖರ್ಚೂ ಬಿತ್ತು, ಎರಡರ ಉಳಿತಾಯವೂ ಕೈತಪ್ಪಿತು.

ಖರ್ಚು ಯಾರದು? 2023ರಿಂದ ಹೆಂಗಸರಿಗೆ ಸರ್ಕಾರಿ ಬಸ್ ಪ್ರಯಾಣ ಉಚಿತವಾಗಿದೆ, ಸಂತೋಷ. ಆದರೆ ದಿನ ಉಚಿತವಲ್ಲ. 2025-26ರಲ್ಲಿ ನಮ್ಮ ರಾಜ್ಯದ ಉದ್ಯೋಗ ಖಾತರಿ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಎರಡು ರೂಪಾಯಿಯ ಒಂದು ಪ್ರತಿ ಮರೆತು ಬಂದದ್ದಕ್ಕೆ ಮರುದಿನ ಮತ್ತೆ ಬರಬೇಕಾದ ಕೂಲಿಯವಳು ತೆರುವುದು ಆ 370 ರೂಪಾಯಿಯನ್ನು. ಎಲ್ಲ ಊರುಗಳಿಗೆ ಸರ್ಕಾರಿ ಬಸ್ಸು ಬರುವುದೂ ಇಲ್ಲ. ಘಟ್ಟದ ಬುಡದ, ಹಿನ್ನೀರಿನಾಚೆಯ ಹಳ್ಳಿಗಳಿಂದ ತಾಲ್ಲೂಕು ಕೇಂದ್ರಕ್ಕೆ ಹೋಗಿಬರುವುದೆಂದರೆ ಇಡೀ ದಿನದ ಕೆಲಸ. ಲಾಂಚಿನ ಸಮಯ ತಪ್ಪಿದರೆ ರಾತ್ರಿಯೂ ಸೇರುತ್ತದೆ.

ಇದರ ಅತ್ಯಂತ ಕಠಿಣ ರೂಪವನ್ನು ಅರಣ್ಯ ಹಕ್ಕು ಅರ್ಜಿಗಳಲ್ಲಿ ಕಾಣಬಹುದು. 2006ರ ಕಾಯ್ದೆಯ ಪ್ರಕಾರ ಬುಡಕಟ್ಟಿನವರಲ್ಲದ ಪಾರಂಪರಿಕ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕೆ ಮೊದಲು ಮೂರು ತಲೆಮಾರು, ಅಂದರೆ 75 ವರ್ಷಗಳಿಂದ ಅಲ್ಲಿ ವಾಸವಿದ್ದುದನ್ನು ತೋರಿಸಬೇಕು. 1930ರ ಆಸುಪಾಸಿನಲ್ಲಿ ಮಲೆನಾಡಿನ ಕೂಲಿಕಾರನ ಗುಡಿಸಲಿನಲ್ಲಿ ಯಾವ ಕಾಗದ ಇದ್ದೀತು? ಇದ್ದಿದ್ದರೂ ಎಪ್ಪತ್ತೈದು ಮಳೆಗಾಲಗಳನ್ನು ಅದು ದಾಟಿ ಬಂದೀತೇ? ಕಾನೂನು ರೂಪಿಸಿದವರಿಗೆ ಇದು ತಿಳಿದಿತ್ತು. ಆದ್ದರಿಂದಲೇ ನಿಯಮಗಳ 13ನೆಯ ನಿಯಮವು ಮತದಾರರ ಚೀಟಿ, ಮನೆ ತೆರಿಗೆ ರಸೀದಿಗಳ ಜೊತೆಗೆ ಹಳೆಯ ಮನೆಯ ಪಂಚಾಂಗ, ಬಾವಿ, ಸ್ಮಶಾನ, ದೇವರ ಬನಗಳಂತಹ ನೆಲದ ಮೇಲಿನ ಕುರುಹುಗಳನ್ನೂ, ವಂಶಾವಳಿಯನ್ನೂ, ಊರ ಹಿರಿಯರ ಹೇಳಿಕೆಯನ್ನೂ ಸಾಕ್ಷ್ಯವೆಂದು ಒಪ್ಪಿದೆ. ಇಂತಹದೇ ದಾಖಲೆ ಬೇಕೆಂದು ಹಟ ಹಿಡಿಯಬಾರದೆಂದು 2012ರ ತಿದ್ದುಪಡಿ ಸ್ಪಷ್ಟಪಡಿಸಿತು. ಅರಣ್ಯ ಹಕ್ಕು ಸಮಿತಿ ಸ್ಥಳಕ್ಕೆ ಹೋಗಿ ನೋಡಬೇಕೆಂಬುದೂ ನಿಯಮವೇ.

ಆದರೆ ರೂಢಿಯಲ್ಲಿ ನಡೆದದ್ದೇನು? ‘ದಾಖಲೆ ಇಲ್ಲ’ ಎಂಬ ಎರಡು ಪದಗಳಲ್ಲಿ ಅರ್ಜಿಗಳು ತಿರಸ್ಕೃತವಾದವು. ತಿರಸ್ಕೃತರನ್ನು ಒಕ್ಕಲೆಬ್ಬಿಸುವಂತೆ ಸುಪ್ರೀಂ ಕೋರ್ಟು 2019ರ ಫೆಬ್ರುವರಿ 13ರಂದು ಆದೇಶಿಸಿ, ಅದೇ ತಿಂಗಳ 28ರಂದು ಆ ಆದೇಶವನ್ನು ತಡೆಹಿಡಿಯಿತು. ಮರುಪರಿಶೀಲನೆ ಎಂದಾಗ ಜನ ಮತ್ತೆ ಅದೇ ಕಟ್ಟನ್ನು ಜೆರಾಕ್ಸ್ ಮಾಡಿಸಿದರು. ಬಾವಿಯ ಕಟ್ಟೆಯ ಕಲ್ಲನ್ನು ಯಾರೂ ಹೋಗಿ ನೋಡದಿರುವಾಗ ಅದರ ಫೋಟೋ ತೆಗೆದು, ಪ್ರಿಂಟ್ ಹಾಕಿಸಿ, ಮೂರು ಸೆಟ್ ಮಾಡಿ ಕೊಡುವುದಕ್ಕಿಂತ ಬೇರೆ ದಾರಿ ಅವರಿಗಿರಲಿಲ್ಲ. ಬಿದಿರು ಮೆಳೆಯ ಮುಳ್ಳಿನ ಕತೆಯನ್ನು ಇಲ್ಲಿ ಜ್ಞಾಪಿಸಿಕೊಳ್ಳಬಹುದು. ಅಂದು ಸ್ಥಳಕ್ಕೆ ಹೋಗದೆ ಮುಳ್ಳು ಕಡಿಸಿದರು, ಇಂದು ಸ್ಥಳಕ್ಕೆ ಹೋಗದೆ ಕಾಗದ ಕೇಳುತ್ತಾರೆ. ಸ್ಥಳ ಪರಿಶೀಲನೆಯ ಬದಲಿಗೆ ಕಾಗದವನ್ನು ಇಟ್ಟುಕೊಳ್ಳುವ ಅಭ್ಯಾಸದಿಂದ ಹಾಳೆಗಳಷ್ಟೇ ಅಲ್ಲ, ಹಕ್ಕುಗಳೂ ವ್ಯರ್ಥವಾಗುತ್ತವೆ.

ಹಾಗೆಂದು ನಾವು ಕಾಗದದ ವೈರಿಗಳಲ್ಲ. ಜುಲೈ ತಿಂಗಳಲ್ಲಿ ವಿದ್ಯುತ್ತಿಲ್ಲದೆ, ಸಿಗ್ನಲ್ ಇಲ್ಲದೆ ವಾರಗಟ್ಟಲೆ ಕಳೆಯುವ ಊರುಗಳಲ್ಲಿ ‘ಕಾಗದರಹಿತ ಆಡಳಿತ’ ಎಂಬ ಫಲಕ ಹಾಸ್ಯದಂತೆ ತೋರುತ್ತದೆ. ಉದ್ಯೋಗ ಖಾತರಿಯ ಹಾಜರಾತಿಯನ್ನು 2023ರ ಜನವರಿಯಿಂದ ಮೊಬೈಲ್ ಆ್ಯಪಿನಲ್ಲಿಯೇ ಹಾಕಬೇಕೆಂದು ಕಡ್ಡಾಯಗೊಳಿಸಿದಾಗ ಸಿಗ್ನಲ್ ಸಿಗದೆ ದುಡಿದವರ ಹಾಜರಿ ತಪ್ಪಿದ ದೂರುಗಳು ದೇಶದ ಅನೇಕ ಕಡೆಗಳಿಂದ ಬಂದವು. ಕೈಯಲ್ಲೊಂದು ಸ್ವೀಕೃತಿ ಚೀಟಿ ಇದ್ದರೆ ಬಡವನಿಗೆ ಅದೇ ಬಲ. ಅರ್ಜಿ ಕೊಟ್ಟದ್ದಕ್ಕೆ ಸಾಕ್ಷಿಯಾಗಿ ಸಹಿ, ಮೊಹರು, ದಿನಾಂಕವಿರುವ ಹಾಳೆಯನ್ನು ಪಡೆಯುವ ಹಕ್ಕನ್ನು ಕಾಗದ ಉಳಿತಾಯದ ಹೆಸರಿನಲ್ಲಿ ಬಿಟ್ಟುಕೊಡಬೇಡಿ. ಉಳಿಸಬೇಕಾದದ್ದು ಕಚೇರಿಯು ಜನರಿಂದ ಕೇಳುವ ಕಾಗದವನ್ನು, ಜನರಿಗೆ ಕೊಡಬೇಕಾದ ಕಾಗದವನ್ನಲ್ಲ.

ಗ್ರಾಮಸಭೆಯ ನಡವಳಿ ಪುಸ್ತಕ, ಹಕ್ಕು ಬದಲಾವಣೆಯ ವಹಿ, ಸರ್ವೆಯ ಮೂಲ ಟಿಪ್ಪಣಿ, ಹಳೆಯ ಕಾನು-ಬೆಟ್ಟ ಭೂಮಿಗಳ ದಾಖಲೆ ಇವು ಕಾಗದದಲ್ಲಿಯೇ ಇರಬೇಕು, ಚೆನ್ನಾಗಿಯೂ ಇರಬೇಕು. ಕಾಗದವೆಂದರೆ ಸೆಲ್ಯುಲೋಸ್. ತೇವ ಸಿಕ್ಕರೆ ಅದರ ಮೇಲೆ ಬೂಷ್ಟು ಬೆಳೆಯುತ್ತದೆ, ನೆಲ ಸಿಕ್ಕರೆ ಗೆದ್ದಲು ಏರುತ್ತದೆ. ಸೋರುವ ದಾಖಲೆ ಕೊಠಡಿಯಲ್ಲಿ ಗೋಡೆಗೆ ಒತ್ತಿ ಪೇರಿಸಿದ ಕಟ್ಟುಗಳ ನಡುವೆ ಗಾಳಿ ಆಡುವುದಿಲ್ಲ. ಒಂದು ಕಟ್ಟಿಗೆ ಹಿಡಿದ ಬೂಷ್ಟು ಎಲ್ಲಕ್ಕೂ ಹರಡುತ್ತದೆ. ಹತ್ತು ವರ್ಷಗಳ ಆಧಾರ್ ಜೆರಾಕ್ಸುಗಳ ಅಡಿಯಲ್ಲಿ ನೂರು ವರ್ಷದ ಒಂದು ನಕ್ಷೆ ಕೊಳೆಯುವುದು ಹೀಗೆ. ತಾಲ್ಲೂಕು ಕಚೇರಿಗಳ ಹಳೆಯ ಭೂದಾಖಲೆಗಳನ್ನು ಸ್ಕ್ಯಾನ್ ಮಾಡುವ ‘ಭೂ ಸುರಕ್ಷಾ’ ಕಾರ್ಯ 2024ರಲ್ಲಿ ಆರಂಭವಾಗಿದೆ. ಸ್ವಾಗತಾರ್ಹವೇ. ಆದರೆ ಪಂಚಾಯಿತಿಯ ಕಪಾಟಿನಲ್ಲಿರುವ ನಡವಳಿಗಳಿಗೂ ಅರಣ್ಯ ಹಕ್ಕು ಸಮಿತಿಯ ಕಡತಗಳಿಗೂ ಅಂತಹ ರಕ್ಷಣೆ ಬೇಕು. ದಾಖಲೆಗಳನ್ನು ಪಟ್ಟಿ ಮಾಡಿ, ಹುಡುಕಿದರೆ ಸಿಗುವಂತೆ ಸೂಚಿ ಹಾಕಿ ಇಡುವುದು 2005ರ ಮಾಹಿತಿ ಹಕ್ಕು ಕಾಯ್ದೆಯ 4ನೆಯ ಪ್ರಕರಣ ಪ್ರತಿಯೊಂದು ಕಚೇರಿಗೂ ವಿಧಿಸಿದ ಕರ್ತವ್ಯ. ಅಂದಹಾಗೆ, ಮಾಹಿತಿ ಹಕ್ಕಿನಡಿ ಅರ್ಜಿ ಹಾಕುವ ಮಿತ್ರರು ಕಡತವನ್ನು ಮೊದಲು ಕಣ್ಣಾರೆ ಪರಿಶೀಲಿಸುವ ಹಕ್ಕನ್ನು ಬಳಸಿ, ಬೇಕಾದ ಪುಟಗಳನ್ನಷ್ಟೇ ಪಡೆದರೆ ಹಣವೂ ಉಳಿಯುತ್ತದೆ, ಕಾಗದವೂ.

ಈಗಾಗಲೇ ಸೇರಿರುವ ರಾಶಿಯ ವಿಲೇವಾರಿ ಇನ್ನೊಂದು ಸಮಸ್ಯೆ. ಕಚೇರಿಯ ಹಿತ್ತಿಲಲ್ಲಿ ಸುಡುವುದು, ಇಲ್ಲವೇ ತೂಕಕ್ಕೆ ಹಾಕುವುದು ಎರಡೂ ನಡೆಯುತ್ತಿವೆ. ತೂಕಕ್ಕೆ ಹಾಕಿದ ಹಾಳೆಯಲ್ಲಿ ಯಾರದೋ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಸಹಿ ಇರುತ್ತವೆ. ಸಂತೆಯಲ್ಲಿ ಕಡಲೆ ಕಟ್ಟಿದ ಪೊಟ್ಟಣ ಬಿಡಿಸಿದರೆ ಅವು ಕಾಣಬಹುದು. ಆಧಾರ್ ಜೆರಾಕ್ಸನ್ನು ಎಲ್ಲೆಂದರಲ್ಲಿ ಕೊಡಬೇಡಿರೆಂದು 2022ರ ಮೇ ತಿಂಗಳಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ ಎಚ್ಚರಿಸಿತು. ಎರಡು ದಿನಗಳಲ್ಲಿ ಆ ಎಚ್ಚರಿಕೆಯನ್ನು ಹಿಂದಕ್ಕೆ ಪಡೆಯಲಾಯಿತು. ಎಚ್ಚರಿಕೆ ಹಿಂದೆ ಸರಿದರೂ ಅಪಾಯ ಸರಿಯಲಿಲ್ಲ.

ಅವಧಿ ಮುಗಿದ ಕಡತಗಳನ್ನು ನಿಯಮದಂತೆ ಪಟ್ಟಿ ಮಾಡಿ, ಚೂರು ಮಾಡಿದ ಮೇಲೆಯೇ ಹೊರಗೆ ಕಳುಹಿಸಬೇಕು. ಮರುಬಳಕೆಯ ಕಾರ್ಖಾನೆಗೆ ಕಳುಹಿಸಲು ಗುಡ್ಡಗಾಡಿನಲ್ಲಿ ಸಾಗಣೆ ವೆಚ್ಚ ಗಿಟ್ಟದಿದ್ದರೆ ನಾಲ್ಕಾರು ಪಂಚಾಯಿತಿಗಳು ಕೂಡಿ ಒಂದೇ ಲೋಡು ಮಾಡಬಹುದು. ಒದ್ದೆಯಾಗಿ ಕೊಳೆತ ಕಾಗದ ಕಾರ್ಖಾನೆಗೆ ಬಾರದು, ಗೊಬ್ಬರಕ್ಕೆ ಬರುತ್ತದೆ. ಆದರೆ ಕಾಗದದಲ್ಲಿ ಸಾರಜನಕ ಇಲ್ಲವೆನ್ನುವಷ್ಟು ಕಡಿಮೆ. ಇಂಗಾಲ-ಸಾರಜನಕದ ಅನುಪಾತ ನೂರನ್ನೂ ಮೀರುತ್ತದೆ. ಗೊಬ್ಬರದ ಗುಂಡಿಗೆ ಬೇಕಾದದ್ದು ಇಪ್ಪತ್ತೈದು-ಮೂವತ್ತು. ಕಾಗದದ ಚೂರನ್ನು ಸಗಣಿ ಬಗ್ಗಡದಲ್ಲಿ ನೆನೆಸಿ ಹಸಿ ಸೊಪ್ಪಿನ ಪದರಗಳ ನಡುವೆ ತೆಳುವಾಗಿ ಹರಡಿದರೆ ಮಾತ್ರ ಅದು ಕಳಿಯುತ್ತದೆ, ಗಟ್ಟಿಯಾಗಿ ತುಂಬಿದರೆ ವರ್ಷ ಕಳೆದರೂ ಹಾಗೆಯೇ ಇರುತ್ತದೆ. ಲ್ಯಾಮಿನೇಟ್ ಮಾಡಿದ ಕಾರ್ಡು, ಬಸ್ ಯಂತ್ರದ ಟಿಕೆಟು, ಎಟಿಎಂ ಚೀಟಿಗಳನ್ನು ಗುಂಡಿಗೆ ಹಾಕಬಾರದು. ಮೊದಲನೆಯದರಲ್ಲಿ ಪ್ಲಾಸ್ಟಿಕ್, ಉಳಿದವುಗಳ ಮೇಲೆ ರಾಸಾಯನಿಕ ಲೇಪ ಇರುತ್ತವೆ. ಇನ್ನು, ಕಾಗದದ ಪ್ರಕಟಣೆಯ ಬದಲು ಫ್ಲೆಕ್ಸ್ ಕಟ್ಟಿಸಿ ‘ಕಾಗದ ಉಳಿಸಿದೆವು’ ಎನ್ನುವ ಪಂಚಾಯಿತಿಗಳಿಗೆ, ರಾಜ್ಯದಲ್ಲಿ ಪ್ಲಾಸ್ಟಿಕ್ ಫ್ಲೆಕ್ಸ್ 2016ರಲ್ಲಿಯೇ ನಿಷೇಧವಾಗಿದೆಯೆಂದು ನೆನಪಿಸಬೇಕಾಗಿದೆ.

ಹಾಳೆಯ ಎರಡೂ ಬದಿ ಮುದ್ರಿಸಿ, ಹಳೆಯ ಲಕೋಟೆಯನ್ನು ಮಗುಚಿ ಬಳಸಿ ಎಂಬ ಸಲಹೆಗಳನ್ನು ನಾವೂ ಒಪ್ಪುತ್ತೇವೆ. ಅವುಗಳಿಂದ ಕಚೇರಿಯ ಸ್ಟೇಷನರಿ ಖರ್ಚು ಇಳಿದೀತು. ಜನರು ಹೊತ್ತು ತರುವ ರಾಶಿ ಇಳಿಯದು. ಅದು ಇಳಿಯಬೇಕಾದರೆ ಕಡತದ ಟಿಪ್ಪಣಿ ಹಾಳೆಯಲ್ಲಿ ಒಂದು ಸಾಲು ಸೇರಬೇಕು: ‘ಈ ದಾಖಲೆಯನ್ನು ಇಂತಹ ತಂತ್ರಾಂಶದಲ್ಲಿ, ಇಂತಹ ಸಂಖ್ಯೆಯಡಿ, ಇಂತಹ ದಿನ ಪರಿಶೀಲಿಸಲಾಗಿದೆ.’ ಅದರ ಕೆಳಗೆ ಪರಿಶೀಲಿಸಿದವರ ಸಹಿ. ಈ ಒಂದು ಸಾಲನ್ನು ಲೆಕ್ಕಪರಿಶೋಧಕರು ಜೆರಾಕ್ಸ್ ಪ್ರತಿಗೆ ಸಮಾನವೆಂದು, ಅಲ್ಲ, ಅದಕ್ಕಿಂತ ಮಿಗಿಲೆಂದು ಒಪ್ಪಬೇಕೆಂಬ ಸುತ್ತೋಲೆ ಮೇಲಿನಿಂದ ಬಂದರೆ ವಿಷಯ ನಿರ್ವಾಹಕರ ಭಯವೂ ಕಳೆಯುತ್ತದೆ. ತಾಲ್ಲೂಕು ಮತ್ತು ಇಲಾಖಾ ಕಚೇರಿಗಳ ಮಟ್ಟಿಗೆ ಇದು ಜಿಲ್ಲಾಧಿಕಾರಿಗಳಿಂದ, ಇಲಾಖೆಗಳ ಮುಖ್ಯಸ್ಥರಿಂದ ಆಗಬೇಕಾದ ಕೆಲಸ. ಗ್ರಾಮ ಪಂಚಾಯಿತಿ ತಾನು ಸ್ವೀಕರಿಸುವ ಅರ್ಜಿಗಳ ಮಟ್ಟಿಗೆ ಯಾರಿಗೂ ಕಾಯಬೇಕಾಗಿಲ್ಲ. ಮನೆಯ ತೆರಿಗೆ ವಹಿ ಪಂಚಾಯಿತಿಯಲ್ಲಿಯೇ ಇರುವಾಗ ತೆರಿಗೆ ರಸೀದಿಯ ಪ್ರತಿಯನ್ನು ಪಂಚಾಯಿತಿಯೇ ಕೇಳುವುದು ನಿಲ್ಲಲು ಯಾವ ಸುತ್ತೋಲೆ ಬೇಕು?

ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಲೇಬೇಕು. ಮುಂದಿನ ಸಭೆಯಲ್ಲಿ ಒಬ್ಬರು ಎದ್ದು ನಿಂತು, ‘ಈ ಪಂಚಾಯಿತಿಯಲ್ಲಿರುವ ಯಾವ ದಾಖಲೆಯ ಪ್ರತಿಯನ್ನೂ ಅರ್ಜಿದಾರರಿಂದ ಕೇಳತಕ್ಕದ್ದಲ್ಲ, ಯಾವ ಅರ್ಜಿಗೆ ಯಾವ ದಾಖಲೆ ಬೇಕೆಂಬ ಪಟ್ಟಿಯನ್ನು ಸೂಚನಾ ಫಲಕದಲ್ಲಿ ಬರೆಯತಕ್ಕದ್ದು, ಪಟ್ಟಿಯಲ್ಲಿಲ್ಲದ ದಾಖಲೆ ಕೇಳಿದರೆ ಏಕೆಂದು ಲಿಖಿತವಾಗಿ ತಿಳಿಸತಕ್ಕದ್ದು’ ಎಂಬ ನಿರ್ಣಯವನ್ನು ಮಂಡಿಸಿದರೆ ಸಾಕು. ಅಧ್ಯಕ್ಷರೂ ಪಿಡಿಒ ಅವರೂ ಇದನ್ನು ವಿರೋಧಿಸಲು ಕಾರಣ ಕಾಣುವುದಿಲ್ಲ. ನಿರ್ಣಯವಾದ ಮೇಲೆ ಅದು ನಡವಳಿ ಪುಸ್ತಕದಲ್ಲಿ ದಾಖಲಾಯಿತೇ ಎಂದು ನೋಡಿಕೊಂಡೇ ಏಳಬೇಕು. ಅಲ್ಲಿ ಮಾತ್ರ ಕಾಗದದ ಜಿಪುಣತನ ಬೇಡ.

ಕಾಲೇಜಿನ ವಿದ್ಯಾರ್ಥಿಗಳಿಗೆ ಬೇರೊಂದು ಕೆಲಸವಿದೆ. ಈ ವರ್ಷ ನಿಮ್ಮ ಪ್ರವೇಶಕ್ಕೆ, ವಿದ್ಯಾರ್ಥಿವೇತನಕ್ಕೆ, ವಿದ್ಯಾರ್ಥಿನಿಲಯಕ್ಕೆ, ಬಸ್ ಪಾಸಿಗೆ ನೀವು ಒಟ್ಟು ಎಷ್ಟು ಹಾಳೆ ಕೊಟ್ಟಿರಿ ಎಂದು ಎಣಿಸಿ. ಅವುಗಳಲ್ಲಿ ಆರ್‌ಡಿ ಸಂಖ್ಯೆಯಿಂದಲೋ ಅದೇ ಕಚೇರಿಯ ವಹಿಯಿಂದಲೋ ತಿಳಿಯಬಹುದಾಗಿದ್ದವು ಎಷ್ಟೆಂದು ಬೇರೆಯಾಗಿ ಬರೆಯಿರಿ. ಮನೆಯಲ್ಲಿ ಅಪ್ಪ-ಅಮ್ಮ, ಅಜ್ಜ-ಅಜ್ಜಿಯರ ಅರ್ಜಿಗಳನ್ನೂ ಲೆಕ್ಕಕ್ಕೆ ಸೇರಿಸಿ, ಒಂದೊಂದು ಅರ್ಜಿಗೆ ಎಷ್ಟು ಸಲ ಹೋಗಿಬರಬೇಕಾಯಿತೆಂದು ಕೇಳಿ. ಯಾರ ಹೆಸರೂ ಬೇಡ, ಊರು ಮತ್ತು ಕಚೇರಿಯ ವಿಧ ಸಾಕು. ಬಂದ ಲೆಕ್ಕಗಳನ್ನು ಒಟ್ಟುಗೂಡಿಸಿ ಜಿಲ್ಲಾಧಿಕಾರಿಗಳ ಮುಂದಿಡುವ ಕೆಲಸ ನಮ್ಮದು. ಒಂದು ಪೋಸ್ಟ್ ಕಾರ್ಡಿನಲ್ಲಿ ಬರೆದು ಕಳುಹಿಸಿ, ಲಗತ್ತುಗಳೇನೂ ಬೇಕಾಗಿಲ್ಲ.